ಕಟ್ಟೆಯ ಮುಂದೆ ಇಳಿಯದ ಸಂಜೆ

ಮೊಮ್ಮಕ್ಕಳಲ್ಲಿ ದೊಡ್ಡವಳೇ, ಸ್ಕೂಲಿನಲ್ಲಿ ಕೊಟ್ಟ ನಿನ್ನ ಸೈಕಲ್ಲನ್ನು ನೀನು ಕಾಲೇಜಿಗೆ ಸೇರಿದ ಮೇಲೆ ನಾನು ಇಟ್ಟುಕೊಂಡೆ. ನಿಮ್ಮ ತಾತ ತೀರಿಕೊಂಡ ಮೇಲೆ ಡೈರಿಗೆ ಹಾಲು ಹಾಕುವ ಕೆಲಸ ನನ್ನದಾಗಿತ್ತು. ಕಣದಲ್ಲಿ ಹಿಂದೆ ಹಿಡಿದುಕೊಂಡು ಓಡಿ ನನಗೆ ಕಲಿಸಿದವಳೂ ನೀನೇ. ಹತ್ತುವುದಕ್ಕೆ ಮಾತ್ರ ನನಗೆ ಒಂದು ಕಲ್ಲು ಬೇಕು, ಅದು ನಿಮಗೆಲ್ಲ ಗೊತ್ತು.

ಗೊತ್ತಿಲ್ಲದ್ದು ಒಂದಿದೆ. ಊರ ಮುಂದಿನ ಅರಳಿಕಟ್ಟೆ ಕಂಡ ಕೂಡಲೇ ನಾನು ಇಳಿದುಬಿಡುತ್ತಿದ್ದೆ. ಸಂಜೆ ಅಲ್ಲಿ ಗಂಡಸರು ಕೂತಿರುತ್ತಾರೆ. ನಿಮ್ಮ ತಾತನ ಅಣ್ಣ, ನನ್ನ ಭಾವನೂ ಇರುತ್ತಾರೆ. ಅವರೆದುರು ನಾನು ಕುರ್ಚಿಯ ಮೇಲೆ ಕೂತವಳಲ್ಲ, ಇನ್ನು ಸೈಕಲ್ ಮೇಲೆ ಕೂರುವುದು ಹೇಗೆ? ತಲೆಯ ಮೇಲೆ ಸೆರಗು ಎಳೆದುಕೊಂಡು, ಅಲ್ಲಿಂದ ಡೈರಿಯವರೆಗೂ ತಳ್ಳಿಕೊಂಡೇ ಹೋಗುತ್ತಿದ್ದೆ.

ಈ ಆಷಾಢದಲ್ಲಿ ಒಂದು ಸಂಜೆ, ಗಾಳಿಗೆ ಕೊಟ್ಟಿಗೆಯ ತಗಡು ಬಡಿದುಕೊಂಡು ಹಸು ಬೆದರಿತು. ಅದನ್ನು ಸವರಿ ಸಮಾಧಾನ ಮಾಡಿ ಹಾಲು ಕರೆಯುವಷ್ಟರಲ್ಲಿ ಹೊತ್ತು ಮೀರಿತ್ತು. ಡೈರಿ ಬಾಗಿಲು ಹಾಕಿದರೆ ಆ ಹೊತ್ತಿನ ಹಾಲು ಹಾಗೇ ಉಳಿಯುತ್ತದೆ. ಕ್ಯಾನನ್ನು ಕ್ಯಾರಿಯರಿಗೆ ಕಟ್ಟಿ ತೋಟದ ಮನೆಯಿಂದ ಹೊರಟೆ. ಗಾಳಿ ನೇರ ಮುಖಕ್ಕೆ. ಎಷ್ಟು ತುಳಿದರೂ ಸೈಕಲ್ ಮುಂದಕ್ಕೆ ಹೋಗದು, ಬಾಯಿ ತೆರೆದರೆ ಮಣ್ಣು.

ಕಟ್ಟೆ ಬಂತು. ಇಳಿದರೆ ಮತ್ತೆ ಹತ್ತಲು ಆ ಕಟ್ಟೆಯೊಂದೇ ಇರುವುದು, ಅದರ ತುಂಬ ಗಂಡಸರು. ತಳ್ಳಿಕೊಂಡು ಹೋದರೆ ಡೈರಿ ಸಿಗುವುದಿಲ್ಲ. ಇಳಿಯಲಿಲ್ಲ. ಅಷ್ಟರಲ್ಲಿ ಸೆರಗು ತಲೆಯಿಂದ ಹಾರಿತು. ಸರಿಮಾಡಿಕೊಳ್ಳಲು ಹ್ಯಾಂಡಲ್ ಬಿಡುವಂತಿರಲಿಲ್ಲ.

"ಜರುಗ್ರೋ, ಹಾಲಿನ ಟೆಂಪೋ ಬಂತು," ಅಂದರು ಯಾರೋ. ಎಲ್ಲರೂ ನಕ್ಕರು. ನನ್ನ ಕಿವಿ ಬಿಸಿಯಾಯಿತು.

ಭಾವ ಎದ್ದು ನಿಂತರು. "ಬಗ್ಗಮ್ಮ, ಬಗ್ಗು. ಹಂಗೆ ನೆಟ್ಟಗೆ ಕೂತ್ರೆ ಗಾಳಿ ಬಿಡ್ತದಾ? ಹ್ಯಾಂಡಲ್ ಮೇಲಕ್ಕೆ ಬಗ್ಗಿ ತುಳಿ."

ಬಗ್ಗಿದೆ. ಸೈಕಲ್ ಮುಂದಕ್ಕೆ ಹೋಯಿತು. ಡೈರಿಯವರು ಕೊನೆಯ ಕ್ಯಾನ್ ಅಳೆಯುತ್ತಿದ್ದರು, ಅದರ ಹಿಂದೆ ನನ್ನದನ್ನೂ ತೆಗೆದುಕೊಂಡರು.

ಡೈರಿಯ ಮೆಟ್ಟಿಲಿನಿಂದ ಸೈಕಲ್ ಹತ್ತಿ ವಾಪಸ್ಸು ಹೊರಟಾಗ ಕಟ್ಟೆಯ ಹತ್ತಿರ ಕಾಲು ಅಭ್ಯಾಸದಂತೆ ಇಳಿಯಲು ನೋಡಿತು. ಬೆನ್ನ ಹಿಂದಿನ ಗಾಳಿ ಕೇಳಬೇಕಲ್ಲ. ಬೆಲ್ ಹೊಡೆದೆ. ಗಂಡಸರು ಕಾಲು ಎಳೆದುಕೊಂಡರು.

"ಹಾಲು ತಗಂಡ್ರಾ?" ಅಂದರು ಭಾವ.

"ತಗಂಡ್ರು ಭಾವ."

"ದಿನಾ ತಳ್ಕೊಂಡು ಹೋಗ್ತಿದ್ಯಲ್ಲ, ಪಂಚರ್ ಏನೋ ಅಂದ್ಕೊಂಡಿದ್ದೆ ಕಣಮ್ಮ."

ನಾನೂ ನಕ್ಕುಬಿಟ್ಟೆ, ಸೀಟಿನ ಮೇಲೆ ಕೂತುಕೊಂಡೇ. ಅಲ್ಲಿಂದ ತೋಟದ ಮನೆಯವರೆಗೂ ಪೆಡಲ್ ತುಳಿಯುವ ಕೆಲಸವೇ ಬೀಳಲಿಲ್ಲ.