ನಮ್ಮವರು ಬಾಯಿ ಬಿಟ್ಟ ದಿನ

“ಗಂಡಸು ಹೆಣ್ಣುದನಿಯಲ್ಲಿ ಹಾಡಿದ್ರೆ ಜನ ಅಳ್ತಾರಾ? ನಗ್ತಾರೆ ಅಷ್ಟೇ!” ಎಂದು ಮೈಸೂರಿನ ಇಂಜಿನಿಯರೊಬ್ಬರು ಹೇಳಿದ್ದೇ ತಡ, ನನ್ನ ಪಕ್ಕದಲ್ಲಿ ಕೂತಿದ್ದ ನಮ್ಮ ಯಜಮಾನರು ಎದ್ದು ನಿಂತರು. ಕೂತುಕೊಳ್ಳಲೆಂದು ಅಂಗಿ ಜಗ್ಗಿದೆ. ಕೂರಲಿಲ್ಲ.

ಕೊಂಡಾಪುರದ ನಮ್ಮ ಕನ್ನಡ ಓದುಗರ ಬಳಗದಲ್ಲಿ ಅಂದು ಒಂದು ಐತಿಹಾಸಿಕ ಕಾದಂಬರಿಯ ಚರ್ಚೆ ನಡೆದಿತ್ತು. ದನಿ ಒಡೆಯಬಾರದೆಂದು ಬಾಲ್ಯದಲ್ಲೇ ಬೀಜ ತೆಗೆಸಿ, ಇಟಲಿಯ ರಂಗಮಂದಿರಗಳಿಗೆ ಹಾಡುಗಾರನನ್ನಾಗಿ ಬೆಳೆಸಿದ ಹುಡುಗನೊಬ್ಬನ ಕಥೆ ಅದು. ಬಾಲಾನಗರದ ಕಾರ್ಖಾನೆಯಲ್ಲಿ ಲೇತ್ ಮೆಷಿನ್ ನಡೆಸುವ ನಮ್ಮವರದೂ ಪ್ರಾಯ ಬಂದರೂ ಒಡೆಯದ ತೆಳು ದನಿ. ನಗುವವರಿಗೆ ಹೆದರಿ, ಎರಡು ವರ್ಷದಿಂದ ಬಳಗಕ್ಕೆ ಬರುತ್ತಿದ್ದರೂ ಒಂದು ಮಾತು ಆಡಿದವರಲ್ಲ.

“ನನ್ನ ದನಿಗೆ ಮಂದಿ ಭಾಳ ನಕ್ಕಾರ್ರಿ. ನನಗ ಯಾರೂ ಏನೂ ಕೊಯ್ದಿಲ್ಲ, ತಾನ ಹಿಂಗ ಐತಿ. ಆ ಹುಡುಗ ಮೊದಲ ಸಲ ಹಾಡೂದನ್ನ ನಾ ಓದ್ತೀನಿ. ಕೇಳ್ರಿ, ಆಮ್ಯಾಲ ನಗೂದಾದ್ರ ನಗ್ರಿ” ಎಂದವರೇ ಪುಸ್ತಕ ತೆರೆದರು.

ಮೊದಲೆರಡು ಸಾಲಿಗೆ ದನಿ ನಡುಗಿತು. ಆಮೇಲೆ ಆ ಹುಡುಗನ ಭಯ, ಅವನ ಸಿಟ್ಟು, ಅವನ ಹಾಡು ಎಲ್ಲವೂ ಆ ತೆಳು ದನಿಯಲ್ಲೇ ಹರಿದು ಬಂದವು. ಮೂರು ಪುಟ ಮುಗಿಯುವವರೆಗೂ ಯಾರೂ ನಗಲಿಲ್ಲ. ಕೊನೆಗೆ ಮಾತಾಡಿದ್ದು ಆ ಇಂಜಿನಿಯರೇ: “ಸರ್, ನಾನು ಹೇಳಿದ್ದು ತಪ್ಪು. ಮುಂದಿನ ಪುಟಾನೂ ಓದ್ತೀರಾ?”

ಈಗ ಪ್ರತಿ ತಿಂಗಳೂ ಬಳಗದಲ್ಲಿ ಓದುವವರು ಅವರೇ. ಹೊಸಬರು ಬೆರಗಾಗಿ ತಿರುಗಿ ನೋಡಿದರೆ, ಅವರು ಕೇಳುವ ಮೊದಲೇ ನಾನು ಹೇಳುತ್ತೇನೆ: “ನಮ್ಮ ಮನಿಯವರ್ರಿ.”