ನಮ್ಮವರನ್ನು ಕೆಡವಿದ ಪೈಲ್ವಾನ

ಆತನ ಎರಡು ಕಿವಿಯೂ ಒಣಶುಂಠಿಯ ಹಾಗೆ ಮುದುಡಿ ಗಂಟುಗಟ್ಟಿದ್ದವು. ಗರಡಿಯಲ್ಲಿ ಬೆಳೆದವರ ಕಿವಿ ಅಷ್ಟಿಷ್ಟು ನಜ್ಜುಗುಜ್ಜಾಗಿಯೇ ಇರುತ್ತದೆ. ಈತನ ಎಡಗಿವಿಯಂತೂ ಪೂರ್ತಿ ಮುಚ್ಚಿಹೋಗಿತ್ತು. ಯಾರಾದರೂ ಮಾತಾಡಿಸಿದರೆ ಬಲಗಿವಿ ಅವರ ಕಡೆಗಾಗುವಂತೆ ಇಡೀ ಮೈಯನ್ನೇ ತಿರುಗಿಸಿಕೊಂಡು ಕೂರುತ್ತಿದ್ದ.

ನಮ್ಮವರೆಂದರೆ ನನ್ನ ಯಜಮಾನರು. ಮಾರ್ಕೆಟ್ಟಿನಲ್ಲಿ ವೀಳ್ಯದೆಲೆ ವ್ಯಾಪಾರ, ಬೆಳಿಗ್ಗೆ ಸಂಜೆ ಗರಡಿ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ನಾನು ಮದುವೆಯಾಗಿ ಅಗ್ರಹಾರದ ಹಿಂದಿನ ಬೀದಿಗೆ ಬಂದಾಗ ಬೀದಿಗೆ ಬೀದಿಯೇ ಅವರನ್ನು ಹೊತ್ತು ಮೆರೆಸುತ್ತಿತ್ತು. ನಾನು ಮಾತ್ರ ಅವರ ಒಂದು ಕುಸ್ತಿಯನ್ನೂ ಕಂಡವಳಲ್ಲ. ಗರಡಿಯ ಹೊಸ್ತಿಲನ್ನು ಹೆಂಗಸರು ದಾಟುವಂತಿರಲಿಲ್ಲ. ದಸರಾ ಕುಸ್ತಿಗೂ ನಮ್ಮ ಮನೆಗಳ ಹೆಂಗಸರು ಹೋಗುತ್ತಿರಲಿಲ್ಲ. ಗೆದ್ದು ಬಂದರೆ ಕೊರಳಲ್ಲಿ ಹಾರ, ಸೋತು ಬಂದರೆ ಸುಮ್ಮನೆ ಸ್ನಾನ. ಹೇಗಾಯಿತು ಎಂದು ಕೇಳಿದರೆ "ಬಿದ್ದ, ಬಂದೆ" ಅನ್ನುವರು. ಇಂಥ ಗಂಡನನ್ನು ಕಟ್ಟಿಕೊಂಡವಳು ಇನ್ನೇನು ತಾನೇ ಕೇಳಿಯಾಳು!

ಆ ಮುದುಡಿದ ಕಿವಿಯ ಪೈಲ್ವಾನ ಪೇಟೆಯಾಚೆಯ ಗರಡಿಯವನು. ಇವರಿಬ್ಬರನ್ನೂ ಜೋಡಿ ಕಟ್ಟಿದರೆ ಸಾಕು, ಊರು ಎರಡಾಗುತ್ತಿತ್ತಂತೆ. ಬೆವರಿದ ಮೈ ಜಾರದಿರಲೆಂದು ಪೈಲ್ವಾನರು ಒಬ್ಬರ ಮೈಗೊಬ್ಬರು ಅಖಾಡದ ಮಣ್ಣು ಹಚ್ಚುವುದುಂಟು. ಕೊನೆಯ ಕುಸ್ತಿಯಲ್ಲಿ ಕುತ್ತಿಗೆಗೆ ಹಚ್ಚುವ ನೆಪದಲ್ಲಿ ಈತ ನಮ್ಮವರ ಕಣ್ಣಿಗೇ ಮಣ್ಣು ತಿಕ್ಕಿ ಕೆಡವಿದ ಎಂದು ನಮ್ಮ ಬೀದಿಯ ದೂರು. ಅದೆಲ್ಲ ಸುಳ್ಳು, ಇವರಿಗೇ ದಮ್ಮು ಕಟ್ಟಿತ್ತು ಎಂದು ಆ ಕಡೆಯವರ ವಾದ. ನಮ್ಮವರನ್ನು ಕೇಳಿದರೆ "ಸೋತೆ" ಎಂದರು, ಅಷ್ಟೇ. ಆಮೇಲೆ ಅವರು ಅಖಾಡಕ್ಕೆ ಇಳಿಯಲಿಲ್ಲ. ಒಂದೆರಡು ವರ್ಷದಲ್ಲಿ ವಿಷಮಶೀತ ಜ್ವರ ಬಂದು ತೀರಿಕೊಂಡರು.

ತಿಥಿ ಮುಗಿದ ವಾರ ಈತ ಕೈಗಾಡಿಯಲ್ಲಿ ಸೌದೆ ತುಂಬಿಕೊಂಡು ಬಾಗಿಲಿಗೆ ಬಂದ. ಸೌದೆ ಡಿಪೋದಲ್ಲಿ ಕೆಲಸ, ಅಲ್ಲೇ ಹಿಂದಿನ ಕೊಟ್ಟಿಗೆಯಲ್ಲಿ ವಾಸ, ಹೆಂಡತಿ ಮಕ್ಕಳಿಲ್ಲ.

"ನನ್ ಮಗನ್ ಕಣ್ಣಿಗೆ ಮಣ್ಣಾಕ್ಬುಟ್ಟು ಈಗ ಸೌದೆ ತಂದಿದ್ದೀಯೇನ್ಲಾ? ತಕ್ಕೊಂಡೋಗು!" ಎಂದು ನಮ್ಮತ್ತೆ ಬೀದಿಗೆಲ್ಲ ಕೇಳುವ ಹಾಗೆ ಕೂಗಾಡಿದರು.

ಆತ ಸೌದೆಯನ್ನು ಗೋಡೆಗೆ ಜೋಡಿಸಿ ಹೋದ. ಮುಂದಿನ ವಾರ ಮತ್ತೆ ಬಂದ. ಅತ್ತೆ ಬೈಯುತ್ತಲೇ ಆ ಸೌದೆ ಉರಿಸಿದರು.

ಅಷ್ಟರಲ್ಲಿ ನಮ್ಮ ಮನೆಗೆ ಜನ ಬರುವುದು ನಿಂತಿತ್ತು. ಮೊದಮೊದಲು ಗರಡಿಯ ಗೆಳೆಯರು ಬಂದು ನಮ್ಮವರನ್ನು ಹಾಡಿ ಹೊಗಳಿದರು. ಒಬ್ಬ ಹೇಳಿದ್ದಕ್ಕೂ ಇನ್ನೊಬ್ಬ ಹೇಳಿದ್ದಕ್ಕೂ ತಾಳೆಯಾಗುತ್ತಿರಲಿಲ್ಲ. ಆಮೇಲೆ ಅವರೂ ಬರಲಿಲ್ಲ. ಸಂಜೆಯಾದರೆ ಅತ್ತೆ ಒಂದು ಮೂಲೆ, ನಾನೊಂದು ಮೂಲೆ. ನಮ್ಮವರ ಮಾತೆತ್ತಿದರೆ ಅತ್ತೆ ಅಳುವರು, ಎತ್ತದಿದ್ದರೆ ನನಗೆ ಅಳು ಬರುವುದು. ಎಂಥ ಗಂಡಸಿನ ಜೊತೆ ಬಾಳಿದೆ ಎಂಬುದೇ ನನಗೆ ಪೂರ್ತಿ ಗೊತ್ತಿಲ್ಲವಲ್ಲ ಎಂಬುದೊಂದು ಸಂಕಟ.

ಒಂದು ದಿನ ತಡೆಯಲಾರದೆ ಆತನನ್ನೇ ಕೇಳಿಬಿಟ್ಟೆ: "ಅಣ್ಣಾ, ನೀವು ಮಣ್ಣು ಹಾಕಿದ್ದು ನಿಜವಾ?"

ಆತ ಬಲಗಿವಿ ತಿರುಗಿಸಿದ. ಇನ್ನೊಮ್ಮೆ ಗಟ್ಟಿಯಾಗಿ ಕೇಳಿದೆ.

"ನಿಜ ಕಣವ್ವ," ಅಂದ. "ಇನ್ಯಾವ ಥರದಲ್ಲೂ ಅವನ್ನ ಕೆಡವಕ್ಕಾಯ್ತಿರ್ನಿಲ್ಲ. ಎಲ್ಲಾ ಪಟ್ಟೂ ಹಾಕಿ ನೋಡ್ಬುಟ್ಟಿದ್ದೆ."

ಸಿಟ್ಟು ನೆತ್ತಿಗೇರಿತು. ಅದರ ಬೆನ್ನಿಗೇ, ನಾಚಿಕೆಗೆಟ್ಟವಳ ಹಾಗೆ, ಹಿಗ್ಗೂ ಬಂತು. ನಮ್ಮ ಬೀದಿಯವರು ಯಾರೂ ಅವರನ್ನು ಇಷ್ಟು ಹೊಗಳಿರಲಿಲ್ಲ. "ಅಖಾಡದ ಮಣ್ಣಲ್ಲಿ ಹೆಂಗಿರೋರು ಅವರು?" ಎಂದು ಕೇಳಿದೆ. ಆತ ಜಗಲಿಯ ಮೇಲೆ ಕೂತ.

"ಕೈ ಕೊಟ್ಟ ಕೂಡ್ಲೆ ನಗೋನು ಕಣವ್ವ. ಆ ನಗು ನೋಡಿದ್ರೆ ನಾನು ಅಲ್ಲೇ ಅರ್ಧ ಸೋತೋಗೋನು."

ಮನೆಯಲ್ಲಿ ಬಾಯಿಬಿಟ್ಟು ನಕ್ಕವರಲ್ಲ ಅವರು. ಆ ನಗುವನ್ನು ಈ ಮೋಸಗಾರ ಕಂಡಿದ್ದ, ನಾನು ಕಂಡಿರಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು.

ಅಂದಿನಿಂದ ಸೌದೆ ಇಳಿಸಿದ ಮೇಲೆ ಒಂದೊಂದು ಕುಸ್ತಿ ಹೇಳಿ ಹೋಗುವುದು ರೂಢಿಯಾಯಿತು. ಆತ ಜಗಲಿಯಲ್ಲಿ, ನಾನು ನಡುಮನೆಯಲ್ಲಿ, ನಡುವೆ ಹೊಸ್ತಿಲ ಬಳಿ ಅತ್ತೆ. ನಮ್ಮವರ ಹಿಡಿತ ಎಂಥದ್ದೆಂದು ತನ್ನ ಮಣಿಕಟ್ಟನ್ನು ತಾನೇ ಬಿಗಿಹಿಡಿದು ತೋರಿಸುತ್ತಿದ್ದ. ಬೀದಿಯವರು ಆಡಿಕೊಂಡರು, ಆಡಿಕೊಳ್ಳಲಿ. ನಮ್ಮವರ ಗರಡಿಯವನೊಬ್ಬ ಬಂದು "ಅಂಥೋನ್ನ ಜಗಲಿ ಹತ್ತುಸ್ಕೊಂಡಿದ್ದೀರಲ್ಲಾ" ಎಂದಾಗ ನಮ್ಮತ್ತೆ, "ನನ್ ಮಗನ ಮಾತಾಡಕ್ಕೆ ನೀನ್ ಬತ್ತೀಯಾ? ಅವನಾದ್ರೂ ಬತ್ತಾನೆ" ಎಂದು ಅವನನ್ನು ಅಟ್ಟಿದರು. ಆತನ ಗರಡಿಯಲ್ಲೂ ಆತನನ್ನು ಕೇಳುವವರಿರಲಿಲ್ಲ. ಇಡೀ ವಾರದಲ್ಲಿ ಆತ ಬಾಯಿಬಿಟ್ಟು ಮಾತಾಡುತ್ತಿದ್ದುದು ನಮ್ಮ ಜಗಲಿಯಲ್ಲೇ ಇರಬೇಕು.

ಆದರೆ ಆಡಿದ ಕುಸ್ತಿಗಳು ಎಷ್ಟಿದ್ದಾವು? ಹೇಳಿದ್ದನ್ನೇ ಹೇಳಿ, ಕೇಳಿದ್ದನ್ನೇ ಕೇಳಿ ಕೊನೆಗೊಂದು ಸಂಜೆ ಆತ ಸುಮ್ಮನೆ ಕೂತ. ಆಗಲೇ ಆತನಿಗೆ ಉಬ್ಬಸ ಹತ್ತಿತ್ತು. ನಾನು ಕಾಯುತ್ತಿರುವುದನ್ನು ನೋಡಿ ಒಂದು ಹೊಸ ಕಥೆ ತೆಗೆದ.

"ನೀನು ಮದ್ವೆಯಾಗಿ ಬಂದ ವರ್ಸದ ದಸರಾದಲ್ಲಿ ಕಣವ್ವ, ನನ್ನ ತಲೆ ಮ್ಯಾಲೆ ಎತ್ತಿ ಒಗ್ದುಬುಟ್ಟ. ಜನ ರುಮಾಲು ತೂರಿದ್ರು. ನಾನು ಬಿದ್ದಿದ್ದೆ. ಅವನೇ ನಗ್ತಾ ಕೈ ಕೊಟ್ಟು ಎಬ್ಬಿಸ್ದ."

ಆ ವರ್ಷದ ದಸರಾದಲ್ಲಿ ನಮ್ಮವರು ಕುಸ್ತಿ ಆಡಿಯೇ ಇರಲಿಲ್ಲ. ಹಬ್ಬಕ್ಕೆ ಮುಂಚೆಯೇ ತೋಳು ಜಾರಿಸಿಕೊಂಡು ನಡುಮನೆಯಲ್ಲಿ ಮಲಗಿದ್ದರು. ಹರಳೆಣ್ಣೆ ಹಚ್ಚಿ ಶಾಖ ಕೊಟ್ಟವಳು ನಾನು, ತುತ್ತಿಟ್ಟವರು ಅತ್ತೆ. ನಾನು ಅತ್ತೆಯ ಮುಖ ನೋಡಿದೆ. ಅತ್ತೆ ನನ್ನ ಮುಖ ನೋಡಿದರು. ಆಮೇಲೆ ಆತನ ಕಡೆ ತಿರುಗಿ, "ಆಮ್ಯಾಕೇನಾಯ್ತು?" ಎಂದರು.

ಆತ ಹೇಳಿದ. ಕತ್ತಲಾಗುವವರೆಗೂ ಹೇಳಿದ.

ಮುಂದಿನ ಮಳೆಗಾಲದಲ್ಲಿ ಆತ ಹೋಗಿಬಿಟ್ಟ. ನಮ್ಮ ಬೀದಿಯಲ್ಲಿ ಕೆಲವರು "ಮೋಸಗಾರ ಹೋದ" ಅಂದರು, ಕೆಲವರು "ಏನೇ ಆಗಲಿ, ಭಾರಿ ಪೈಲ್ವಾನ" ಅಂದರು. ಎರಡೂ ನಿಜವೇ. ಸ್ಮಶಾನಕ್ಕೆ ಹೆಂಗಸರು ಹೋಗುವಂತಿಲ್ಲವಾಗಿ ಆತನನ್ನು ಕಳಿಸಿಕೊಡಲೂ ನನಗೆ ಆಗಲಿಲ್ಲ. ನಮ್ಮತ್ತೆಯೂ ಈಗಿಲ್ಲ.

ಆತ ಹೇಳಿದ ನಿಜವಾದ ಕುಸ್ತಿಗಳು ಒಂದರೊಳಗೊಂದು ಕಲೆತುಹೋಗಿವೆ. ಕಣ್ಣಿಗೆ ಕಟ್ಟಿದಂತೆ ಉಳಿದಿರುವುದು ಆ ನಡೆಯದ ಕುಸ್ತಿ ಮಾತ್ರ. ಅದರಲ್ಲಿ ನಮ್ಮವರು ಬಾಯಿತುಂಬ ನಗುತ್ತಾರೆ. ಅದು ಸುಳ್ಳೆಂದು ಬಲ್ಲವಳು ಈಗ ನಾನೊಬ್ಬಳೇ.