ಮರಳು ಹತ್ತುವ ಹಡಗು

ಆ ದಿನ ಮಧ್ಯಾಹ್ನ ಬಂಗುಡೆ ಸಾರು ಇತ್ತು. ಅಣ್ಣ ಎರಡನೆಯ ಸಲ ಅನ್ನ ಹಾಕಿಸಿಕೊಂಡ. ಅಪ್ಪ ಊಟ ಮುಗಿಸಿ ಜಗಲಿಯಲ್ಲಿ ಬಲೆ ಹರವಿಕೊಂಡು ಕೂತಿದ್ದರು.

ಅಣ್ಣ ನೌಕಾಪಡೆಯ ಕೆಲಸ ಮುಗಿಸಿ ಗಂಗೊಳ್ಳಿಗೆ ವಾಪಸಾದ ವರ್ಷ ಅದು, ೨೦೦೯. ೧೯೯೭ರಿಂದ ಅವನಿದ್ದದ್ದು ಯುದ್ಧದ ಟ್ಯಾಂಕುಗಳನ್ನು ದಡಕ್ಕೆ ಇಳಿಸುವ ಹಡಗಿನಲ್ಲಿ. ಅದಕ್ಕೆ ಬಂದರು ಬೇಡ. ನೇರ ಮರಳಿಗೆ ಮೂತಿ ಹತ್ತಿಸಿ, ಮೂತಿಯ ಬಾಗಿಲು ತೆರೆದು, ಟ್ಯಾಂಕುಗಳನ್ನು ಹೊರಗೆ ಬಿಡುವುದು. ಅಮ್ಮ ಮಾತ್ರ ಇಷ್ಟು ವರ್ಷವೂ ಕೇರಿಯವರಿಗೆಲ್ಲ, ಮಗ ನೀರಿನ ಟ್ಯಾಂಕು ಸಾಗಿಸುತ್ತಾನೆ ಎಂದೇ ಹೇಳಿದ್ದರು. ಆ ಮಧ್ಯಾಹ್ನ ಅದು ಹೊರಬಿತ್ತು.

“ನೀರಿನ್ ಟ್ಯಾಂಕ್ ಅಲ್ದಾ? ಮತ್ತೆ ಎಂತ ಟ್ಯಾಂಕ್?”

“ಗುಂಡ್ ಹೊಡೂದ್, ಅಮ್ಮ,” ಅಣ್ಣ ನಕ್ಕ. “ಬೇಜಾರ್ ಬೇಡ. ಹಡ್ಗಿನ್ ಹೊಟ್ಟಿಯೊಳ್ಗ್ ನೀರಿನ್ ಟ್ಯಾಂಕೂ ಇತ್ತ್. ನಡು ಸಮುದ್ರದಗೆ ತುಂಬ್ಸೂದ್, ದಡದ್ ಹತ್ರ ಖಾಲಿ ಮಾಡೂದ್. ಆಗ ಹಡ್ಗ್ ಹಗೂರ ಆಯಿ ಮೇಲ್ ಬತ್ತ್.”

ಜಗಲಿಯಿಂದ ಅಪ್ಪ ಹೇಳಿದರು, “ದೋಣಿ ಹೊಯ್ಗಿ ಹತ್ತುಕಾಗ ಅಂದೇಳಿ ನಮ್ಗ್ ಹೆದ್ರಿಕಿ. ನೀವ್ ಬೇಕಂತ್ಲೇ ಹತ್ತಿಸ್ತ್ರಿ. ಅದ್ಕ್ ಸಂಬ್ಳ ಬೇರೆ!”

“ಟ್ಯಾಂಕ್ ಇಳ್ಸೂಕ್ ಮುಂಚೆ ಆಳ ಕಾಣ್ಕ್, ಅಪ್ಪಯ್ಯ. ಅದ್ ನನ್ ಕೆಲ್ಸ.”

ಬಾಗಿಲು ತೆರೆದ ಮೇಲೆ ಒಬ್ಬ ಕೋಲು ಹಿಡಿದು ನೀರಿಗಿಳಿದು ದಡದವರೆಗೆ ನಡೆಯಬೇಕಂತೆ. ಅವನು ಕೈ ಎತ್ತಿದ ಮೇಲೆಯೇ ಟ್ಯಾಂಕು ಹೊರಡುವುದು.

“ಟ್ಯಾಂಕಿಗ್ ದುಡ್ಡ್ ಜಾಸ್ತಿ,” ಎಂದರು ಅಪ್ಪ. “ಅದ್ಕೇ ನಿನ್ನ್ ಮುಂಚೆ ಇಳ್ಸೂದ್.”

ಎಲ್ಲರೂ ನಕ್ಕೆವು. ನಾನೂ ನಕ್ಕೆ.

ಮರುದಿನ ಅಣ್ಣ ಮಾವನ ನಾಡದೋಣಿಯಲ್ಲಿ ಮೀನಿಗೆ ಹೋದ. ಬರುವಾಗ ಅಳಿವೆಯಲ್ಲಿ, ನದಿ ಸಮುದ್ರ ಸೇರುವಲ್ಲಿ, ದೋಣಿ ಮರಳ ದಿಬ್ಬ ಹತ್ತಿ ನಿಂತಿತು. ಅಣ್ಣ ಹಗ್ಗ ಹಿಡಿದು ಎಲ್ಲರಿಗಿಂತ ಮೊದಲು ಇಳಿದು ದಡದ ಕಡೆ ನಡೆದ. ಮೊಣಕಾಲಿನವರೆಗೆ ನೀರು, ಆಮೇಲೆ ಸೊಂಟದವರೆಗೆ. ಆಮೇಲೆ ಹಗ್ಗ ಮಾತ್ರ ಇತ್ತು. ದೋಣಿ ಬಿಟ್ಟು ಇಳಿಯದವರು ಬದುಕಿದರು.

“ಹ್ವಾಯ್, ನಿಲ್ಲ್ ಅಂದೆ,” ಎಂದರು ಮಾವ. “ಕೈ ಎತ್ತಿದ. ಬನಿ ಅಂದೇಳಿಯೋ, ಬೇಡ ಅಂದೇಳಿಯೋ ಗೊತ್ತಾಯ್ಲ.”

ಅಪ್ಪ ದಿನಾ ಮರವಂತೆಯವರೆಗೆ ತೀರದಲ್ಲಿ ನಡೆದರು. ಬೈಂದೂರಿನ ಕಡೆ ಏನೋ ತೇಲಿದೆ ಎಂದು ಯಾರೋ ಹೇಳಿದಾಗ ಅಲ್ಲಿಗೂ ಹೋದರು. ಅದು ಮರದ ದಿಮ್ಮಿ. ನೆಂಟರು ಬೊಜ್ಜದ ಮಾತೆತ್ತಿದರು, ಉತ್ತರಕ್ರಿಯೆ ಮುಗಿಸಿಬಿಡಿ ಎಂದರು. ಅಮ್ಮ ಒಪ್ಪಲಿಲ್ಲ.

“ಮುಖ ಕಾಣ್ದೆ ಎಂತ ಬೊಜ್ಜ?”

ನಾನು ಪಿಯುಸಿವರೆಗೆ ಓದಿದವಳು. ಕುಂದಾಪುರದ ಗ್ರಂಥಾಲಯದಲ್ಲಿ ಯುದ್ಧದ ಹಡಗುಗಳ ಪುಸ್ತಕವೊಂದು ಸಿಕ್ಕಿತು. ಯಾಕೆ ಓದಿದೆನೋ ಗೊತ್ತಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಇಂಗ್ಲೆಂಡಿನ ಸೈನ್ಯ ಫ್ರಾನ್ಸಿನ ತೀರದಿಂದ ಹಿಂದೆ ಸರಿಯುವಾಗ ಟ್ಯಾಂಕುಗಳನ್ನು ಅಲ್ಲೇ ಬಿಟ್ಟು ಬಂತು. ಮತ್ತೆ ಆ ಕಡೆ ಹೋಗಲು ಇಂಥ ಹಡಗು ಬೇಕಾಯಿತು. ಮೊದಲು ಎಣ್ಣೆ ಸಾಗಿಸುವ ಹಡಗುಗಳದೇ ಮೂತಿ ಕತ್ತರಿಸಿ ಬಾಗಿಲು ಇಟ್ಟರು. ಆಮೇಲೆ ಅಮೆರಿಕದ ನದಿ ದಂಡೆಗಳಲ್ಲಿ ನೂರಾರು ಕಟ್ಟಿದರು. ಚಪ್ಪಟೆ ತಳ, ನಿಧಾನ ಓಟ.

ದಿಬ್ಬಗಳ ಬಗ್ಗೆಯೂ ಬರೆದಿದ್ದರು. ಹಡಗು ಮರಳಿಗೆ ತಾಗಿ ನಿಂತಾಗ ದಡ ಬಂತು ಅನಿಸುತ್ತದೆ. ದಿಬ್ಬಕ್ಕೂ ದಡಕ್ಕೂ ನಡುವೆ ಆಳವಿರುತ್ತದೆ. ಅಲ್ಲಿ ಎಷ್ಟೋ ಜನ ಮುಳುಗಿದ್ದಾರೆ. ೧೯೭೧ರ ಯುದ್ಧದಲ್ಲಿ ನಮ್ಮ ಹಡಗಿನಿಂದ ಇಳಿದವರೂ ಮುಳುಗಿದ್ದಾರೆ. ದಿಬ್ಬದಾಚೆ ಆಳವಿರುವುದು ಅಣ್ಣನಿಗೆ ಗೊತ್ತಿತ್ತು. ಅಪ್ಪನಿಗೂ ಗೊತ್ತಿತ್ತು. ಪುಸ್ತಕ ವಾಪಸು ಕೊಟ್ಟು ಬಸ್ಸು ಹತ್ತಿದೆ.

ಅಪ್ಪ ಈಗ ತೀರಕ್ಕೆ ಹೋಗುವುದಿಲ್ಲ. ಬೊಜ್ಜ ಆಗಿಲ್ಲ. ಅಣ್ಣನ ದೇಹ ಇನ್ನೂ ಸಿಕ್ಕಿಲ್ಲ.